ಹಿಮಾಲಯನ್, 390 ಅಡ್ವೆಂಚರ್, ವಿ-ಸ್ಟ್ರಾಮ್: ಕೊಡಗಿನ ಇಳಿಜಾರಿನಲ್ಲಿ ಮೂರು ಬೈಕ್

ಅಡ್ವೆಂಚರ್ ಬೈಕ್, ಅಂದರೆ ಟಾರು ಮತ್ತು ಕಚ್ಚಾ ರಸ್ತೆ ಎರಡಕ್ಕೂ ಆಗುವ ಗಾಡಿ, ತಗೊಳ್ಳಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಘಾಟಿ ಹತ್ತುತ್ತಾ? ಹತ್ತುತ್ತದೆ. ಈ ವರ್ಗದಲ್ಲಿ ಈಗ ಬರುವ ಯಾವ ಗಾಡಿಯೂ ಸಂಪಾಜೆ ಘಾಟಿ ಹತ್ತಲು ಒದ್ದಾಡುವುದಿಲ್ಲ. ಕೇಳಬೇಕಾದ್ದು ಇಳಿಯುವುದರ ಬಗ್ಗೆ. ಜುಲೈ ಮಳೆ, ಹಿಂದೆ ಮನೆಯವರು, ಪಕ್ಕದಲ್ಲಿ ಬ್ಯಾಗು, ಮುಂದೆ ಟೂರಿಸ್ಟ್ ಬಸ್ಸು. ಎರಡನೇ ಗೇರಿನಲ್ಲಿ ಇಳಿಯುತ್ತಲೇ ಇರಬೇಕು. ಗಾಡಿಯ ನಿಜವಾದ ಗುಣ ಗೊತ್ತಾಗುವುದು ಆಗಲೇ.

ಹಾಗಾಗಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450, ಕೆಟಿಎಂ 390 ಅಡ್ವೆಂಚರ್, ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಮೂರನ್ನೂ ಒಂದೇ ದಾರಿಯಲ್ಲಿ ಓಡಿಸಿ ನೋಡಿದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿದು ವಾಪಸ್. ಆಮೇಲೆ ನಾಪೋಕ್ಲು, ಕಕ್ಕಬ್ಬೆ ಕಡೆ, ಕೊನೆಗೆ ನೆಂಟರ ತೋಟದೊಳಗಿನ ರಸ್ತೆ. ಗಾಡಿಗಳು ಗೆಳೆಯರವು, ನೆಂಟರವು. ಶೋರೂಮಿನ ಟೆಸ್ಟ್ ರೈಡ್ ಒಂದನ್ನೇ ನಂಬಿ ದುಡ್ಡು ಕಟ್ಟಬೇಡಿ. ಒಂದು ಕಡೆ ನನ್ನನ್ನು ಊರ ಹೊರಗಿನ ನೇರ ರಸ್ತೆಗೆ ಕಳಿಸಿದರು, ಟ್ಯಾಂಕಿನಲ್ಲಿ ಪೆಟ್ರೋಲ್ ತಳಕ್ಕೆ ಬಂದಿತ್ತು. ನಾಲ್ಕನೇ ಗೇರ್ ಹಾಕಿ ಹೋಗಿ ಬಂದರೆ ಏನು ತಿಳಿಯುತ್ತದೆ? ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ, ಅಷ್ಟೇ.

ಕಾಲಿನ ಮಾತು ಬಂತಲ್ಲ, ಅದನ್ನು ಮೊದಲು ಮುಗಿಸುತ್ತೇನೆ. ನಾನು 5 ಅಡಿ 6 ಇಂಚು. ಸೀಟಿನ ಎತ್ತರ ಹಿಮಾಲಯನ್‌ನಲ್ಲಿ 825 ಮಿ.ಮೀ., ಬೇಕಿದ್ದರೆ 845ಕ್ಕೆ ಏರಿಸಬಹುದು. ಕೆಟಿಎಂ 830, ವಿ-ಸ್ಟ್ರಾಮ್ 835. ಕಾಗದದಲ್ಲಿ 10 ಮಿ.ಮೀ. ವ್ಯತ್ಯಾಸ ಏನೂ ಅಲ್ಲ. ಆದರೆ ಕೊಡಗಿನಲ್ಲಿ ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸುವ ಭಾಗ್ಯ ಎಲ್ಲಿದೆ? ರಸ್ತೆಯ ಅಂಚು ಯಾವಾಗಲೂ ಒಂದು ಕಡೆ ವಾಲಿರುತ್ತದೆ. ತಗ್ಗಿನ ಕಡೆಯ ಕಾಲು ನೆಲ ಹುಡುಕುತ್ತದೆ. ಆಗ ಸೀಟಿನ ಎತ್ತರಕ್ಕಿಂತ ತೂಕವೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ. ಹಿಮಾಲಯನ್ 196 ಕೆ.ಜಿ., ಕೆಟಿಎಂ 180ರ ಆಸುಪಾಸು, ವಿ-ಸ್ಟ್ರಾಮ್ 167. ಸೀಟು ಎತ್ತರ ಇದ್ದರೂ ವಾಲಿದ ಅಂಚಿನಲ್ಲಿ ನನಗೆ ಧೈರ್ಯ ಕೊಟ್ಟಿದ್ದು ವಿ-ಸ್ಟ್ರಾಮ್.

ಈಗ ಘಾಟಿಗೆ ಬರೋಣ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವುದು ರಾಷ್ಟ್ರೀಯ ಹೆದ್ದಾರಿ 275. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಜರಿದು ಇದೇ ರಸ್ತೆ ಕಡಿದು ಹೋಗಿತ್ತು. ಈಗಲೂ ಮಳೆಗಾಲದಲ್ಲಿ ಇಲ್ಲಿ ಕಣ್ಣು ಎರಡು ಕಡೆ ಇರಬೇಕು. ಒಂದು ರಸ್ತೆಯ ಮೇಲೆ, ಇನ್ನೊಂದು ಪಕ್ಕದ ಗುಡ್ಡದ ಮೇಲೆ. ಬಿಸಿಲು ಬೀಳದ ತಿರುವುಗಳಲ್ಲಿ ಟಾರಿನ ಅಂಚಿಗೆ ತೆಳ್ಳಗೆ ಪಾಚಿ ಕಟ್ಟಿರುತ್ತದೆ. ಅದರ ಮೇಲೆ ಸಿಲ್ವರ್ ಓಕ್ ಎಲೆ ಒದ್ದೆಯಾಗಿ ಅಂಟಿಕೊಂಡಿರುತ್ತದೆ, ಬೂದು ಬಣ್ಣದ ಅಡಿಭಾಗ ಮೇಲಾಗಿ. ಅದರ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಏನಾಗುತ್ತದೆ ಅಂತ ಇಲ್ಲಿ ಗಾಡಿ ಕಲಿತವರಿಗೆ ಹೇಳಬೇಕಾಗಿಲ್ಲ. ಇಂಥಲ್ಲಿ ಬ್ರೇಕ್ ಕಡಿಮೆ, ಎಂಜಿನ್ ಜಾಸ್ತಿ ಬಳಸಬೇಕು. ಥ್ರಾಟಲ್ ಬಿಟ್ಟಾಗ ಎಂಜಿನ್ ಗಾಡಿಯನ್ನು ಎಷ್ಟು ಹಿಡಿಯುತ್ತದೆ, ಮತ್ತೆ ಸ್ವಲ್ಪ ತಿರುಗಿಸಿದಾಗ ಎಷ್ಟು ಮೆತ್ತಗೆ ಬಿಡುತ್ತದೆ ಅನ್ನುವುದೇ ಮುಖ್ಯ.

ಇದರಲ್ಲಿ ಹಿಮಾಲಯನ್ ನನ್ನ ಮನಸ್ಸು ಗೆದ್ದಿತು. 452 ಸಿಸಿ ಎಂಜಿನ್, 8000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) 40 ಪಿಎಸ್ ಶಕ್ತಿ, 5500ರಲ್ಲಿ 40 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ. ಮೂರನೇ ಗೇರಿನಲ್ಲಿ ಥ್ರಾಟಲ್ ಬಿಟ್ಟರೆ ಯಾರೋ ಹಿಂದಿನಿಂದ ಅಂಗಿ ಹಿಡಿದು ನಿಧಾನಕ್ಕೆ ಎಳೆದಂತೆ ವೇಗ ಇಳಿಯುತ್ತದೆ. ಎರಡನೆಯದಕ್ಕೆ ಇಳಿಸಿದರೂ ಹಿಂದಿನ ಚಕ್ರ ಎಗರುವುದಿಲ್ಲ, ಸ್ಲಿಪ್-ಅಸಿಸ್ಟ್ ಕ್ಲಚ್ ಆ ಕೆಲಸ ಮಾಡುತ್ತದೆ. ಹಿಂದೆ ಕೂತವರ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಬಡಿಯಲಿಲ್ಲ. ಘಾಟಿಯಲ್ಲಿ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ. ತೂಕ ಇಲ್ಲಿ ಶತ್ರು ಅಲ್ಲ, ಗಾಡಿ ರಸ್ತೆಗೆ ಕಚ್ಚಿಕೊಂಡು ಇಳಿಯುತ್ತದೆ. ಆದರೆ 3000 ಆರ್‌ಪಿಎಂಗಿಂತ ಕೆಳಗೆ ಇಟ್ಟುಕೊಂಡು ಓಡಿಸಿದರೆ ಇದು ಹಳೆಯ 411 ಸಿಸಿ ಹಿಮಾಲಯನ್ ಹಾಗೆ ಗುಡುಗುಡು ಎಂದು ಎಳೆಯುವುದಿಲ್ಲ. ಹಳೆಯದರಿಂದ ಬಂದವರು ಗೇರ್ ಇಳಿಸುವ ಅಭ್ಯಾಸ ಮಾಡಿಕೊಳ್ಳಬೇಕು.

ಕೆಟಿಎಂ ಸ್ವಭಾವವೇ ಬೇರೆ. 399 ಸಿಸಿ, 46 ಪಿಎಸ್, ಟಾರ್ಕ್ 39 ಎನ್‌ಎಂ, ಅದು ಸಿಗುವುದು 6500 ಆರ್‌ಪಿಎಂಗೆ. ಒಬ್ಬರೇ ಇದ್ದರೆ, ರಸ್ತೆ ಒಣಗಿದ್ದರೆ, ಸಂಪಾಜೆ ಘಾಟಿಯಲ್ಲಿ ಇದರಷ್ಟು ಖುಷಿ ಕೊಡುವ ಗಾಡಿ ಈ ಮೂರರಲ್ಲಿ ಇಲ್ಲ. ತಿರುವಿಗೆ ಮನಸ್ಸು ಮಾಡಿದ ತಕ್ಷಣ ಗಾಡಿ ಅಲ್ಲಿರುತ್ತದೆ. ಕ್ವಿಕ್‌ಶಿಫ್ಟರ್ ಇರುವುದರಿಂದ ಕ್ಲಚ್ ಮುಟ್ಟದೆ ಗೇರ್ ಇಳಿಸಬಹುದು. ಮಳೆಗೆ ಬೇಕಾದ ಸಾಮಾನು ಜಾಸ್ತಿ ಇರುವುದೂ ಇದರಲ್ಲೇ: ರೇನ್ ಮೋಡ್, ಹಿಂದಿನ ಚಕ್ರ ಜಾರಿ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್, ಗಾಡಿ ವಾಲಿರುವಾಗಲೂ ಚಕ್ರ ಲಾಕ್ ಆಗದಂತೆ ಲೆಕ್ಕ ಹಾಕಿ ಬ್ರೇಕ್ ಬಿಡಿಸುವ ಕಾರ್ನರಿಂಗ್ ಎಬಿಎಸ್. ಇದು ಸುಮ್ನೆ ಹೆಸರಿಗೆ ಇರುವ ತಂತ್ರಜ್ಞಾನ ಅಲ್ಲ. ತಿರುವಿನ ನಡುವೆ ದನ ಎದುರಾದರೆ ಯಾರಾದರೂ ಬ್ರೇಕ್ ಹಿಡಿದೇ ಹಿಡಿಯುತ್ತಾರೆ. ಆ ಕ್ಷಣದಲ್ಲಿ ಜೀವ ಉಳಿಸುವ ಸಾಮಾನು ಇದು. ಹಿಮಾಲಯನ್‌ನಲ್ಲಿ ಇದು ಇಲ್ಲದಿರುವುದು ನನಗೆ ನಿಜವಾಗಿಯೂ ಬೇಸರ. ಆದರೆ ಬಸ್ಸಿನ ಹಿಂದೆ 20 ಕಿ.ಮೀ. ವೇಗದಲ್ಲಿ ಇಳಿಯುವಾಗ ಕೆಟಿಎಂ ಎಂಜಿನ್ನಿಗೆ ಸಮಾಧಾನ ಕಡಿಮೆ. ಕ್ಲಚ್ ಮೇಲೆ ಬೆರಳು ಇಟ್ಟುಕೊಂಡೇ ಇರಬೇಕು. ಕೊಡಗಿನಲ್ಲಿ ಶನಿವಾರ, ಭಾನುವಾರ ಓಡಿಸುವವರಿಗೆ ಬಸ್ಸಿನ ಹಿಂದೆ ಹೋಗುವುದು ತಪ್ಪಿದ್ದಲ್ಲ ಅಲ್ವಾ. ಥ್ರಾಟಲ್ ಹಿಡಿಯದೆ ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್ ಕೂಡ ಕೆಟಿಎಂನಲ್ಲಿ ಇದೆ. ಕುಶಾಲನಗರ ದಾಟಿ ಮೈಸೂರು ಕಡೆ ಹೋಗುವಾಗ ಬಳಸಿ.

ವಿ-ಸ್ಟ್ರಾಮ್ ಘಾಟಿಯಲ್ಲಿ ಸದ್ದಿಲ್ಲದೆ ಕೆಲಸ ಮುಗಿಸುತ್ತದೆ. 249 ಸಿಸಿ, 26.5 ಪಿಎಸ್. ಎಂಜಿನ್ ನಯ, ಗೇರ್ ನಯ. ಇಬ್ಬರು ಕೂತು ಬ್ಯಾಗ್ ಕಟ್ಟಿದಾಗ ಮಾತ್ರ ಮುಂದಿನ ಫೋರ್ಕ್ ಬ್ರೇಕಿಗೆ ಜಾಸ್ತಿ ಬಾಗುತ್ತದೆ. ಉಳಿದೆರಡರಲ್ಲಿ ಮುಂದಿನ ಸಸ್ಪೆನ್ಷನ್ 200 ಮಿ.ಮೀ. ಓಡಾಡುವ ದೊಡ್ಡ ಫೋರ್ಕ್. ಇದು ಅಂಥದ್ದಲ್ಲ, ಟಾರು ರಸ್ತೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಗಾಡಿ.

ಕಕ್ಕಬ್ಬೆ ಕಡೆ ಲೆಕ್ಕ ಬದಲಾಯಿತು. ಮುಖ್ಯ ರಸ್ತೆಯಿಂದ ತೋಟಕ್ಕೆ ತಿರುಗುವ ಜಾಗ ನಿಮಗೆ ಗೊತ್ತಿರುತ್ತದೆ. ಟಾರು ಮುಗಿದ ಕೂಡಲೇ ಎಡಕ್ಕೆ ಚೂಪು ತಿರುವು, ಗೇಟು, ಗೇಟಿನ ಆಚೆ ಗೀರು ಹಾಕಿದ ಕಾಂಕ್ರೀಟ್ ಇಳಿಜಾರು. ಗೀರುಗಳ ತುಂಬ ಕೆಂಪು ಮಣ್ಣು ಕೂತಿರುತ್ತದೆ. ಕಾಂಕ್ರೀಟ್ ಮುಗಿದರೆ ಜೀಪು, ಟ್ರ್ಯಾಕ್ಟರ್ ಓಡಿ ಮಾಡಿದ ಎರಡು ಗಾಲಿದಾರಿ, ನಡುವೆ ಹುಲ್ಲು, ಅಲ್ಲಲ್ಲಿ ಮುಷ್ಟಿ ಗಾತ್ರದ ಕಲ್ಲು. ಕೊಯ್ಲಿನ ಕಾಲದಲ್ಲಿ ಕಾಫಿ ಚೀಲ ಹೊತ್ತ ಟ್ರ್ಯಾಕ್ಟರ್ ಎದುರು ಬಂದರೆ ನೀವು ಗಾಡಿಯನ್ನು ಗಿಡಗಳ ನಡುವೆ ನುಗ್ಗಿಸಬೇಕು.

ಇಲ್ಲಿ ಹಿಮಾಲಯನ್ ಮತ್ತು ಕೆಟಿಎಂ ಎರಡರ ಮುಂದಿನ 21 ಇಂಚಿನ ಚಕ್ರ ಕಲ್ಲನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಹಿಮಾಲಯನ್ ಫುಟ್‌ಪೆಗ್ ಮೇಲೆ ಎದ್ದು ನಿಂತರೆ ಹ್ಯಾಂಡಲ್ ಸರಿಯಾಗಿ ಕೈಗೆ ಬರುತ್ತದೆ, ಮೊಣಕಾಲಿಗೆ ಟ್ಯಾಂಕ್ ಸಿಗುತ್ತದೆ. ಹಿಂದಿನ ಎಬಿಎಸ್ ಆಫ್ ಮಾಡಿ ಇಳಿದೆ. ಸಡಿಲ ಮಣ್ಣಿನಲ್ಲಿ ಎಬಿಎಸ್ ಇದ್ದರೆ ಪೆಡಲ್ ಟಕಟಕ ಒದೆಯುತ್ತದೆ, ಗಾಡಿ ಮಾತ್ರ ಇಳಿಯುತ್ತಲೇ ಇರುತ್ತದೆ. ಆಫ್ ಮಾಡಿದರೆ ಚಕ್ರ ಸ್ವಲ್ಪ ಉಜ್ಜಿ ಮಣ್ಣು ಗುಡ್ಡೆ ಹಾಕಿ ನಿಲ್ಲಿಸುತ್ತದೆ. ಕೆಟಿಎಂನಲ್ಲೂ ಆಫ್‌ರೋಡ್ ಮೋಡ್ ಇದೆ. ವಿ-ಸ್ಟ್ರಾಮ್‌ನಲ್ಲಿ ಎಬಿಎಸ್ ಆಫ್ ಮಾಡುವ ಸೌಲಭ್ಯ ಇಲ್ಲ. ಮುಂದಿನ ಚಕ್ರ 19 ಇಂಚು, ನೆಲದಿಂದ ಎತ್ತರ 205 ಮಿ.ಮೀ., ಹಿಮಾಲಯನ್‌ನಲ್ಲಿ 230. ತೋಟದ ರಸ್ತೆ ದಿನಾ ಓಡಾಡುವವರಿಗೆ ಈ ವ್ಯತ್ಯಾಸ ಎಂಜಿನ್ ಕೆಳಗಿನ ಪ್ಲೇಟಿನ ಸದ್ದಿನಲ್ಲೇ ಗೊತ್ತಾಗುತ್ತದೆ.

ಆದರೂ ವಿ-ಸ್ಟ್ರಾಮ್ ಬಗ್ಗೆ ಒಂದು ಮಾತು ಹೇಳಲೇಬೇಕು. ಸಿದ್ದಾಪುರ, ಮಾಲ್ದಾರೆ ಕಡೆ ಆನೆ ರಸ್ತೆಗೆ ಬರುವುದು ಹೊಸದೇನಲ್ಲ. ಎದುರಿನಿಂದ ಬಂದ ಜೀಪಿನವರು ಕೈ ಬೀಸಿ "ಹಿಂದೆ ಹೋಗಿ" ಅಂದಾಗ ನಾನು ಹಿಮಾಲಯನ್ ಮೇಲಿದ್ದೆ. ಕಿರಿದಾದ ರಸ್ತೆ, ಸ್ವಲ್ಪ ಇಳಿಜಾರು, 196 ಕೆ.ಜಿ., 17 ಲೀಟರ್ ಟ್ಯಾಂಕ್ ಫುಲ್. ಮುಂದೆ ಹಿಂದೆ ತಳ್ಳಿ ತಿರುಗಿಸುವಷ್ಟರಲ್ಲಿ ಬೆನ್ನು ಬೆವತಿತ್ತು. ಅದೇ ಜಾಗಕ್ಕೆ ಆಮೇಲೆ ವಿ-ಸ್ಟ್ರಾಮ್ ತಗೊಂಡು ಹೋಗಿ ತಿರುಗಿಸಿ ನೋಡಿದೆ. ಸೈಕಲ್ ತಿರುಗಿಸಿದಷ್ಟೇ ಸಲೀಸು ಅನ್ನಲಾರೆ, ಆದರೆ ಉಸಿರು ಕಟ್ಟಲಿಲ್ಲ. ಸುಮಾರು 30 ಕೆ.ಜಿ. ಕಡಿಮೆ ಅಂದರೆ ಏನು ಅಂತ ಅಲ್ಲಿ ತಿಳಿಯಿತು. ಕಾಡಂಚಿನಲ್ಲಿ ಮನೆ ಇರುವವರು, ಒಬ್ಬರೇ ಓಡಾಡುವವರು ಇದನ್ನು ಗಂಭೀರವಾಗಿ ಯೋಚಿಸಬೇಕು.

ಪಂಕ್ಚರ್ ವಿಷಯವೂ ಹಾಗೇ. ಭಾಗಮಂಡಲ ದಾಟಿ ಕರಿಕೆ ಕಡೆ ಹೋಗುವ ರಸ್ತೆಯಲ್ಲಿ ಕಾಡು ಬಿಟ್ಟರೆ ಕಾಡು, ಫೋನಿಗೆ ನೆಟ್‌ವರ್ಕ್ ಕೂಡ ಸಿಗುವುದಿಲ್ಲ. ಹಿಮಾಲಯನ್‌ನ ದುಂಡನೆಯ 4 ಇಂಚಿನ ಪರದೆಯಲ್ಲಿ ಗೂಗಲ್ ಮ್ಯಾಪ್ಸ್ ಎಷ್ಟೇ ಚೆನ್ನಾಗಿ ಕಂಡರೂ ಅದು ಓಡುವುದು ನಿಮ್ಮ ಫೋನಿನ ಮೇಲೆ. ಇಂಥ ಕಡೆ ಟ್ಯೂಬ್ ಟೈರ್ ಪಂಕ್ಚರ್ ಆದರೆ ಚಕ್ರ ಬಿಚ್ಚಬೇಕು. ಹಿಮಾಲಯನ್ ಮೊದಲು ಬಂದಾಗ ಟ್ಯೂಬ್ ಟೈರ್ ಮಾತ್ರ ಇತ್ತು, 2024ರಿಂದ ಟ್ಯೂಬ್‌ಲೆಸ್ ಸ್ಪೋಕ್ ಚಕ್ರ ಹೆಚ್ಚುವರಿ ಹಣಕ್ಕೆ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮೊದಲು ಇದನ್ನೇ ನೋಡಿ. ವಿ-ಸ್ಟ್ರಾಮ್‌ನ ಅಲಾಯ್ ಚಕ್ರಕ್ಕೆ ಮೊದಲಿಂದಲೂ ಟ್ಯೂಬ್‌ಲೆಸ್, ಐದು ನಿಮಿಷದಲ್ಲಿ ಪ್ಲಗ್ ಹಾಕಿ ಹೊರಡಬಹುದು.

ಮಂಜಿನಲ್ಲಿ ಮೂರೂ ಒಂದೇ. ಬಿಳಿ ಎಲ್‌ಇಡಿ ಬೆಳಕು ಮಂಜಿಗೆ ಬಡಿದು ವಾಪಸ್ ಕಣ್ಣಿಗೇ ಬರುತ್ತದೆ. ಹಳದಿ ಫಾಗ್ ಲ್ಯಾಂಪ್ ಹಾಕಿಸಿಕೊಳ್ಳಲೇಬೇಕು, ತಲಕಾವೇರಿ ಕಡೆ ಸಂಜೆ ಓಡಾಡುವವರಂತೂ.

ದುಡ್ಡಿನ ಲೆಕ್ಕ. ಬಿಡುಗಡೆಯಾದಾಗಿನ ಎಕ್ಸ್‌-ಶೋರೂಮ್ ಬೆಲೆ ನೋಡಿದರೆ ವಿ-ಸ್ಟ್ರಾಮ್ 2022ರಲ್ಲಿ 2.12 ಲಕ್ಷ, ಹಿಮಾಲಯನ್ 2023ರ ಕೊನೆಗೆ 2.69 ಲಕ್ಷದಿಂದ ಶುರು, ಹೊಸ ತಲೆಮಾರಿನ ಕೆಟಿಎಂ 390 ಅಡ್ವೆಂಚರ್ 2025ರ ಜನವರಿಯಲ್ಲಿ 3.68 ಲಕ್ಷ. ಇದಾದ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. 350 ಸಿಸಿವರೆಗಿನ ಬೈಕ್‌ಗೆ 28ರಿಂದ 18 ಪರ್ಸೆಂಟ್‌ಗೆ ಇಳಿಯಿತು, ಅದಕ್ಕಿಂತ ದೊಡ್ಡದಕ್ಕೆ 40 ಆಯಿತು. ತೆರಿಗೆಯಲ್ಲಿ ಲಾಭ ಆಗಿದ್ದು ಈ ಮೂರರಲ್ಲಿ ವಿ-ಸ್ಟ್ರಾಮ್‌ಗೆ ಮಾತ್ರ. ಇವತ್ತಿನ ಆನ್-ರೋಡ್ ಬೆಲೆ ಕೇಳಿಯೇ ಮುಂದುವರಿಯಿರಿ.

ನಾನು ಹಿಮಾಲಯನ್ ಬುಕ್ ಮಾಡಿದ್ದೇನೆ, ಟ್ಯೂಬ್‌ಲೆಸ್ ಚಕ್ರದ್ದು. ನನ್ನ ಓಡಾಟದಲ್ಲಿ ಹಿಂದಿನ ಸೀಟು ಖಾಲಿ ಇರುವುದು ಅಪರೂಪ, ತೋಟದ ರಸ್ತೆ ತಪ್ಪಿದ್ದಲ್ಲ, ಮಳೆಯಲ್ಲಿ ಇಳಿಯುವುದೇ ಹೆಚ್ಚು. ಈ ಮೂರಕ್ಕೂ ಅದೇ ಸರಿ ಅನ್ನಿಸಿತು. ಕೆಟಿಎಂನ ಕಾರ್ನರಿಂಗ್ ಎಬಿಎಸ್ ಬಿಟ್ಟುಕೊಡುವುದಕ್ಕೆ ಮಾತ್ರ ಕಷ್ಟವಾಯಿತು. ಒಬ್ಬನೇ ಓಡಿಸುವ ನನ್ನ ಸೋದರಮಾವನ ಮಗನಿಗೆ ಕೆಟಿಎಂ ತಗೋ ಅಂತ ನಾನೇ ಹೇಳಿದ್ದೇನೆ. ಪಾಲಿಬೆಟ್ಟದ ಗೆಳತಿಗೆ ಮನೆಯಿಂದ ಶಾಲೆ, ಶಾಲೆಯಿಂದ ಮನೆ, ತಿಂಗಳಿಗೊಮ್ಮೆ ಮೈಸೂರು. ಆಕೆಗೆ ವಿ-ಸ್ಟ್ರಾಮ್ ಬಿಟ್ಟು ಬೇರೆ ನೋಡುವುದೇ ಬೇಡ.