ಯುದ್ಧದ ನಾಣ್ಯ ಕೊಳ್ಳುವುದಾದರೆ: ಕುರ್ಸ್ಕೋ, ಮ್ಯಾಗ್ನಿಟೊಗೊರ್ಸ್ಕೋ?

ರಷ್ಯಾದ 10 ರೂಬಲ್ ನಾಣ್ಯಗಳಲ್ಲಿ ಯುದ್ಧಕ್ಕೆ ಸಂಬಂಧಿಸಿದ ಎರಡು ಸರಣಿಗಳಿವೆ. ಒಂದು ‘ಸಮರ ಕೀರ್ತಿಯ ನಗರ’, ಇನ್ನೊಂದು ‘ಶ್ರಮ ಶೌರ್ಯದ ನಗರ’. ಅಂಗೈಯಲ್ಲಿಟ್ಟರೆ ಅಣ್ಣತಮ್ಮಂದಿರ ಹಾಗೆ: ಎರಡೂ 22 ಮಿಲಿಮೀಟರ್ ಅಗಲ, ಉಕ್ಕಿನ ಮೇಲೆ ಹಿತ್ತಾಳೆ ಲೇಪ. ಅಯಸ್ಕಾಂತ ಹಿಡಿದರೆ ಟಕ್ ಅಂತ ಅಂಟುತ್ತವೆ. ಹಾಗಾಗಿ ಲೋಹದ ಬೆಲೆ ಮರೆತುಬಿಡಿ.

ಮೊದಲ ಸರಣಿಯ ಕುರ್ಸ್ಕ್ ನಾಣ್ಯ 2011ರದ್ದು. ಊರಿನ ಲಾಂಛನ ಅದರ ಮೇಲಿದೆ, ಹಾರುವ ಮೂರು ಕೌಜುಗಗಳು. ನೋಡಲು ಚೆಂದ. ಒಂದು ಕೋಟಿ ಟಂಕಿಸಿದ್ದರಿಂದ ಸುಲಭವಾಗಿ ಸಿಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ನಡೆದ 1943ರ ಟ್ಯಾಂಕ್ ಕದನದ ಕಥೆಯೂ ಎಲ್ಲರಿಗೂ ಗೊತ್ತು.

ಆದರೆ ಆ ಟ್ಯಾಂಕುಗಳಿಗೆ ಉಕ್ಕು ಎಲ್ಲಿಂದ ಬಂತು? ಅದಕ್ಕೆ ಎರಡನೇ ಸರಣಿಯ 2022ರ ನಾಣ್ಯ ಬೇಕು, ಉಕ್ಕಿನ ಊರು ಮ್ಯಾಗ್ನಿಟೊಗೊರ್ಸ್ಕ್‌ನದು. 1941ರ ಜುಲೈನಲ್ಲಿ ಅಲ್ಲಿನ ಕೆಲಸಗಾರರು ಉಕ್ಕಿನ ದಿಮ್ಮಿ ಒತ್ತುವ ಯಂತ್ರದಲ್ಲೇ ಟ್ಯಾಂಕ್ ಕವಚದ ತಗಡು ಎಳೆದರು. ಆ ಯಂತ್ರ ಅದಕ್ಕಾಗಿ ಮಾಡಿದ್ದೇ ಅಲ್ಲ! ಆ ಊರಲ್ಲಿ 15 ಮೀಟರ್ ಎತ್ತರದ ಸ್ಮಾರಕವಿದೆ: ಕಾರ್ಮಿಕ ಕತ್ತಿ ಕೊಡುತ್ತಾನೆ, ಸೈನಿಕ ತೆಗೆದುಕೊಳ್ಳುತ್ತಾನೆ. ಕೊಡುವವನನ್ನು ನೆನೆಯುವ ನಾಣ್ಯ ಎಷ್ಟಿವೆ ಹೇಳಿ?

ಇದನ್ನು ಟಂಕಿಸಿದ್ದು 10 ಲಕ್ಷ ಮಾತ್ರ, ಹಾಗಾಗಿ ಹುಡುಕಾಟ ಸ್ವಲ್ಪ ಜಾಸ್ತಿ. ಸುಮ್ನೆ ಆಲ್ಬಂ ತುಂಬಿಸುವುದಾದರೆ ಕುರ್ಸ್ಕ್ ಸಾಕು. ಒಂದೇ ಒಂದು ಕೊಳ್ಳುವುದಾದರೆ ನಾನು ಮ್ಯಾಗ್ನಿಟೊಗೊರ್ಸ್ಕ್ ಆರಿಸುತ್ತೇನೆ. ಯಾವುದೇ ಇರಲಿ, ಅಂಚಿನಲ್ಲಿ ಹಿಡಿಯಿರಿ. ಲೇಪ ಸವೆದರೆ ಒಳಗಿನ ಉಕ್ಕಿಗೆ ತುಕ್ಕು ಹಿಡಿಯುತ್ತದೆ.