ಪಾಲಿಅನಿಲಿನ್ ತಳ ಹಿಡಿಯಬಾರದೆಂದರೆ: ಪಿವಿಪಿಯೋ, ಸಿಲಿಕಾವೋ?

ಪಾಲಿಅನಿಲಿನ್ ಎಂಬ ವಿದ್ಯುತ್ ಹರಿಸುವ ಪಾಲಿಮರ್ ಮಾಡುವುದು ಸುಲಭ, ನೀರಿನಲ್ಲಿ ತೇಲಿಸಿ ಇಡುವುದೇ ಕಷ್ಟ. ಅನಿಲಿನ್ ಹೈಡ್ರೋಕ್ಲೋರೈಡ್ ದ್ರಾವಣಕ್ಕೆ ಅಮೋನಿಯಂ ಪರ್‌ಸಲ್ಫೇಟ್ ಹಾಕಿ ಸುಮ್ನೆ ಬಿಟ್ಟರೆ ಮೊದಲು ನೀಲಿಯಾಗುತ್ತದೆ, ಬೀಕರ್ ಬಿಸಿಯಾಗುತ್ತದೆ, ಕೊನೆಗೆ ಕಡು ಹಸಿರು ಗಸಿ ತಳ ಸೇರುತ್ತದೆ. ವಿದ್ಯುತ್ ಹರಿಸುವ ಪುಡಿಯೇನೋ ಸಿಕ್ಕಿತು, ಆದರೆ ಅದನ್ನು ಗಾಜಿಗೆ ಬಳಿಯುವುದು ಹೇಗೆ?

ತುಮಕೂರಿನ ನಮ್ಮ ಕಾಲೇಜು ಲ್ಯಾಬಿನಲ್ಲಿ ಎರಡು ದಾರಿ ಹಿಡಿದು ನೋಡಿದೆ. ಎರಡಕ್ಕೂ ಒಂದೇ ಅಳತೆ: 0.2 ಮೋಲಾರ್ ಅನಿಲಿನ್ ಹೈಡ್ರೋಕ್ಲೋರೈಡ್, 0.25 ಮೋಲಾರ್ ಪರ್‌ಸಲ್ಫೇಟ್.

ಒಂದು, ಶೇ. 2ರಷ್ಟು ಪಿವಿಪಿ, ಅಂದರೆ ನೀರಿನಲ್ಲಿ ಕರಗುವ ಪಾಲಿವಿನೈಲ್ ಪೈರೊಲಿಡೋನ್ ಎಂಬ ಪಾಲಿಮರ್. ಇದರ ಉದ್ದನೆಯ ಎಳೆಗಳು ಕಣಗಳಿಗೆ ಸುತ್ತಿಕೊಂಡು ಒಂದನ್ನೊಂದು ಅಂಟದಂತೆ ತಡೆಯುತ್ತವೆ. ಕೆಲಸ ಸಲೀಸು. ಕಲಸಿ ಬಿಟ್ಟರೆ ಸಾಕು, ಹಸಿರು ಶಾಯಿಯಂಥ ದ್ರವ ತಯಾರು. ತೆಳು ಪದರಕ್ಕೆ ಬಹಳ ಚೆನ್ನ. ತೊಂದರೆ ಇರುವುದು ಆಮೇಲೆ: ಉಳಿದ ಪಿವಿಪಿ ಪೂರ್ತಿ ಹೋಗುವುದಿಲ್ಲ. ಅದು ತೇವ ಎಳೆಯುವ ವಸ್ತು, ಮಳೆಗಾಲದಲ್ಲಿ ಪದರ ಅಂಟಂಟು. ವಿದ್ಯುತ್ತನ್ನೂ ಹರಿಸುವುದಿಲ್ಲ, ಅದು ಜಾಸ್ತಿ ಉಳಿದಷ್ಟೂ ವಾಹಕತೆ ಕಡಿಮೆ.

ಇನ್ನೊಂದು, ಕೊಲಾಯ್ಡಲ್ ಸಿಲಿಕಾ, ಅಂದರೆ ನೀರಿನಲ್ಲಿ ತೇಲುತ್ತಿರುವ ಸಿಲಿಕಾದ ಅತಿ ಸಣ್ಣ ಕಣಗಳು. ನನಗೆ ಹೆಚ್ಚು ಇಷ್ಟವಾದದ್ದು ಇದೇ. ಸುಮಾರು 20 ನ್ಯಾನೋಮೀಟರ್ ಗಾತ್ರದ ಸಿಲಿಕಾ ಕಣಗಳ ಮೇಲೆ ಪಾಲಿಅನಿಲಿನ್ ಕೂರುತ್ತದೆ. ಅದೇ ಅಂಟಾಗಿ ಹಲವು ಕಣಗಳನ್ನು ಸೇರಿಸಿ ಉಂಡೆ ಕಟ್ಟುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರದಲ್ಲಿ ಉಂಡೆಯ ಹೊರಮೈ ಸೀತಾಫಲದ ಸಿಪ್ಪೆಯ ಹಾಗೆ ಉಬ್ಬುಬ್ಬಾಗಿ ಕಾಣುತ್ತದೆ. ಹೊರಗಡೆ ಸಿಲಿಕಾ ಇರುವುದರಿಂದಲೇ ಉಂಡೆಗಳು ಮುದ್ದೆಗಟ್ಟುವುದಿಲ್ಲ. ಸಿಲಿಕಾ ಸಾಲದಿದ್ದರೆ ಮಾತ್ರ ಮತ್ತೆ ಅದೇ ಗಸಿ.

ಇದರ ದೊಡ್ಡ ಲಾಭ ತೊಳೆಯುವುದರಲ್ಲಿದೆ. ಉಂಡೆ ಭಾರ ಇರುವುದರಿಂದ ಸೆಂಟ್ರಿಫ್ಯೂಜ್‌ನಲ್ಲಿ ಬೇಗ ಕೆಳಗಿಳಿಯುತ್ತದೆ. ಮೇಲಿನ ನೀರು ಬಸಿದು, ಹೊಸದಾಗಿ ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಅಲುಗಾಡಿಸಿದರೆ ಮತ್ತೆ ಹರಡಿಕೊಳ್ಳುತ್ತದೆ. ಹೀಗೆ ಕ್ರಿಯೆಯಲ್ಲಿ ಹುಟ್ಟಿದ ಅಮೋನಿಯಂ ಸಲ್ಫೇಟ್ ಉಪ್ಪೆಲ್ಲ ಹೋಗುತ್ತದೆ. ಪಿವಿಪಿಯಲ್ಲಿ ಇದೇ ಕೆಲಸಕ್ಕೆ ಉಪ್ಪನ್ನು ಹೊರಬಿಟ್ಟು ಕಣಗಳನ್ನು ಒಳಗೇ ಹಿಡಿಯುವ ಡಯಾಲಿಸಿಸ್ ಚೀಲ ಕಟ್ಟಿ ಕಾಯಬೇಕು. ಆದರೆ ಸಿಲಿಕಾದ್ದನ್ನು ದಪ್ಪಗೆ ಬಳಿದರೆ ಒಣಗುವಾಗ ಬಿರುಕು ಬಿಡುತ್ತದೆ. ಸಿಲಿಕಾ ಕೂಡ ವಿದ್ಯುತ್ ಹರಿಸುವುದಿಲ್ಲ ಅಲ್ವಾ, ಹಾಗಾಗಿ ವಾಹಕತೆಯಲ್ಲಿ ಎರಡೂ ಬರೀ ಪುಡಿಗಿಂತ ಹಿಂದೆಯೇ.

ನಮ್ಮ ಕಡೆಯವರಿಗೆ ಒಂದು ಮಾತು. ಬೋರ್‌ವೆಲ್ ನೀರು ಗಡಸು, ಅದರಲ್ಲಿನ ಕ್ಯಾಲ್ಸಿಯಂ ಸಿಲಿಕಾ ಕಣಗಳನ್ನು ಒಂದಕ್ಕೊಂದು ಅಂಟಿಸಬಲ್ಲದು. ಸಿಲಿಕಾವನ್ನು ಡಿಸ್ಟಿಲ್ಡ್ ವಾಟರ್‌ನಲ್ಲೇ ತೆಳು ಮಾಡಿ. ಅನಿಲಿನ್ ಚರ್ಮದ ಮೂಲಕವೂ ಮೈಗೆ ಸೇರುವ ವಿಷ. ಯಾವ ದಾರಿ ಹಿಡಿದರೂ ಗ್ಲೌಸ್ ಹಾಕಿ, ಫ್ಯೂಮ್ ಹುಡ್ ಒಳಗೇ ಕೆಲಸ ಮಾಡಿ.