ಕಡಲ ತೀರದ ಹಳೆಯ ಮಾರುತಿ 800 ಕಾರಿಗೆ ಸ್ಟೀಲ್ ಸೈಲೆನ್ಸರ್: ಕೆಲವು ಮಳೆಗಾಲಗಳ ನಂತರ

ಮೊದಲೇ ಹೇಳಿಬಿಡುತ್ತೇನೆ: ಈ ಸೈಲೆನ್ಸರಿನಿಂದ ಕಾರಿನ ವೇಗ ಹೆಚ್ಚಿಲ್ಲ, ಮೈಲೇಜ್ ಏರಿಲ್ಲ, ಸದ್ದಿಗೆ ಗತ್ತು ಬಂದಿಲ್ಲ. ಇವುಗಳಲ್ಲಿ ಯಾವುದಾದರೊಂದು ಬೇಕಾದವರು ಇಲ್ಲಿಗೇ ನಿಲ್ಲಿಸಬಹುದು. ಒಂದೆರಡು ಮಳೆಗಾಲಕ್ಕೊಮ್ಮೆ ಹೊಟ್ಟೆ ಒಡೆದ ಸೈಲೆನ್ಸರನ್ನು ಬಿಚ್ಚಿಸುವ ಕಾಟ ತಪ್ಪಿದರೆ ಸಾಕು ಎಂಬುದಷ್ಟೇ ನನ್ನ ಆಸೆಯಾಗಿತ್ತು. ಅದು ತಪ್ಪಿದೆ. ಆದರೆ ತುಕ್ಕು ಊರು ಬಿಟ್ಟು ಹೋಗಿಲ್ಲ, ಒಂದು ಅಡಿ ಮುಂದಕ್ಕೆ ಸರಿದು ಕುಳಿತಿದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಾರು 2002ರ ಮಾರುತಿ 800, ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನ್, ನಾಲ್ಕು ಗೇರು, 37 ಬಿಎಚ್‌ಪಿ ಶಕ್ತಿ. ಇರುವುದು ಕುಂದಾಪುರದಲ್ಲಿ, ಒಗೆದ ಬಟ್ಟೆಗೂ ಉಪ್ಪು ಹಿಡಿಯುವಷ್ಟು ಕಡಲಿಗೆ ಹತ್ತಿರ. ಓಟವೆಲ್ಲ ಚಿಕ್ಕದು: ಪೇಟೆ, ಮೀನು ಮಾರುಕಟ್ಟೆ, ಬ್ಯಾಂಕು, ಅಪರೂಪಕ್ಕೆ ಉಡುಪಿ.

ಸೈಲೆನ್ಸರ್ ಹಾಳಾಗುವುದಕ್ಕೆ ಇಂಥ ಚಿಕ್ಕ ಓಟವೇ ಮುಖ್ಯ ಕಾರಣ. ಪೆಟ್ರೋಲ್ ಉರಿದಾಗ ಅದರಲ್ಲಿರುವ ಹೈಡ್ರೋಜನ್ ನೀರಾಗುತ್ತದೆ, ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ ಒಂದು ಲೀಟರ್ ನೀರು. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿದರೆ ಸೈಲೆನ್ಸರ್ ಚೆನ್ನಾಗಿ ಕಾದು ಅದೆಲ್ಲ ಆವಿಯಾಗಿ ಹೊರಗೆ ಹೋಗುತ್ತದೆ. ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಎಂಜಿನ್ನಿಗೆ ಎಲ್ಲಕ್ಕಿಂತ ದೂರದಲ್ಲಿರುವ ಹಿಂದಿನ ಡಬ್ಬ, ಅಂದರೆ ಸೈಲೆನ್ಸರ್, ಕಾಯುವುದೇ ಇಲ್ಲ. ನೀರು ಹೊಗೆಯ ಆಮ್ಲವನ್ನೂ ಸೇರಿಸಿಕೊಂಡು ಅದರ ತಳದಲ್ಲಿ ನಿಲ್ಲುತ್ತದೆ. ಒಳಗಿನಿಂದ ಆಮ್ಲ, ಹೊರಗಿನಿಂದ ಉಪ್ಪುಗಾಳಿ. ಕಪ್ಪು ಬಣ್ಣ ಬಳಿದ ಡೂಪ್ಲಿಕೇಟ್ ಸೈಲೆನ್ಸರಿನ ತೆಳು ತಗಡು ಇವೆರಡರ ನಡುವೆ ಎಷ್ಟು ದಿನ ತಡೆದೀತು? ತೂತಿಗೆ ಪ್ಯಾಚ್ ವೆಲ್ಡಿಂಗ್ ಮಾಡಿಸಿದರೆ ಪ್ಯಾಚಿನ ಅಂಚಿನಲ್ಲೇ ಮತ್ತೊಂದು ತೂತು ಬೀಳುತ್ತದೆ.

2021ರಲ್ಲಿ ಮಂಗಳೂರಿನ ಒಂದು ಸೈಲೆನ್ಸರ್ ಅಂಗಡಿಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಡಬ್ಬ ಮಾಡಿಸಿ ಹಾಕಿಸಿದೆ. ಬೆಲೆ ಡೂಪ್ಲಿಕೇಟಿನ ಮೂರು ಪಟ್ಟಿಗಿಂತ ಹೆಚ್ಚಾಯಿತು. ಈ ವ್ಯಾಪಾರದಲ್ಲಿ 'ಸ್ಟೀಲ್' ಎಂದರೆ ಏನು ಬೇಕಾದರೂ ಆಗಬಹುದು, ಯಾವ ದರ್ಜೆ ಎಂದು ಕೇಳಲೇಬೇಕು. ಕಾರು ಕಂಪನಿಗಳು ಹೆಚ್ಚಾಗಿ ಬಳಸುವ 409ರಲ್ಲಿ ಕ್ರೋಮಿಯಂ ಶೇ 11ರ ಆಸುಪಾಸು ಇರುತ್ತದೆ. ಅದರ ಮೇಲ್ಮೈ ಕಂದಾದರೂ ಬೇಗ ತೂತು ಬೀಳುವುದಿಲ್ಲ, ಅಯಸ್ಕಾಂತ ಅಂಟುತ್ತದೆ. 304ರಲ್ಲಿ ಶೇ 18ರಷ್ಟು ಕ್ರೋಮಿಯಂ, ಶೇ 8ರಷ್ಟು ನಿಕಲ್, ಅಯಸ್ಕಾಂತ ಹೆಚ್ಚುಕಡಿಮೆ ಅಂಟುವುದಿಲ್ಲ. ಇಷ್ಟು ತಿಳಿದುಕೊಂಡು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗುವ ಜಾಣರಿಗೂ ಒಂದು ಬಲೆ ಇದೆ: ಮನೆಯ ಗೇಟು, ಮೆಟ್ಟಿಲಿನ ಕಂಬಿಗಳಿಗೆ ಹಾಕುವ ಅಗ್ಗದ 202 ದರ್ಜೆಗೂ ಅಯಸ್ಕಾಂತ ಅಂಟುವುದಿಲ್ಲ, ಆದರೆ ಕಡಲ ಗಾಳಿಗೆ ಅದು ಬೇಗ ಸೋಲುತ್ತದೆ. ಆದ್ದರಿಂದ ಬಿಲ್ಲಿನಲ್ಲಿ 304 ಎಂದೇ ಬರೆಸಿಕೊಂಡೆ. ಅಂಗಡಿಯವರು ಸ್ವಲ್ಪ ಮುಖ ಗಂಟು ಹಾಕಿಕೊಂಡರೂ ಬರೆದುಕೊಟ್ಟರು.

ಒಳರಚನೆಯ ವಿಚಾರದಲ್ಲಿ ಚರ್ಚೆ ಜೋರಾಗಿಯೇ ನಡೆಯಿತು. "ನೇರ ಪೈಪಿನದು ಹಾಕಿಸಿ ಮಾರಾಯರೇ, ಪಿಕಪ್ ಬರುತ್ತದೆ" ಎಂದು ಅಂಗಡಿಯವರ ಒತ್ತಾಯ. ನೇರ ಪೈಪಿನದೆಂದರೆ ತೂತುಗಳ ಕೊಳವೆಯ ಸುತ್ತ ಗ್ಲಾಸ್‌ವುಲ್ ತುಂಬಿದ ಡಬ್ಬ. ಹೊಸದರಲ್ಲಿ ಚೆನ್ನಾಗಿಯೇ ಇರುತ್ತದೆ. ಆದರೆ ನಮ್ಮಂಥ ಚಿಕ್ಕ ಓಟದ ಕಾರಿನಲ್ಲಿ ಗ್ಲಾಸ್‌ವುಲ್ ನೀರು ಕುಡಿಯುತ್ತದೆ, ಚೂರುಚೂರಾಗಿ ಹೊರಗೆ ಹಾರುತ್ತದೆ, ಸದ್ದು ವರ್ಷದಿಂದ ವರ್ಷಕ್ಕೆ ಏರುತ್ತದೆ. 37 ಬಿಎಚ್‌ಪಿ ಎಂಜಿನ್ನಿಗೆ ಬರುವ ಪಿಕಪ್ ಆದರೂ ಎಷ್ಟು? ಕಂಪನಿಯ ಸೈಲೆನ್ಸರಿನಂತೆ ಒಳಗೆ ಅಡ್ಡ ತಡೆಗಳಿರುವ, ಹೊಗೆ ಕೋಣೆಯಿಂದ ಕೋಣೆಗೆ ತಿರುಗಿ ಹೊರಬರುವ ಡಬ್ಬವೇ ಬೇಕೆಂದೆ. ಪೈಪಿನ ವ್ಯಾಸವನ್ನೂ ಬದಲಿಸಲು ಬಿಡಲಿಲ್ಲ.

ಹೊಗೆಯ ವಿಷಾನಿಲಗಳನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕತ್ತರಿಸಿ ತೆಗೆಯುವ ಸಲಹೆಯೂ ಬಂತು, ಅದೂ ಉಚಿತವಾಗಿ! ಆ ಔದಾರ್ಯದ ಗುಟ್ಟು ಅದರೊಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳಲ್ಲಿದೆ. ಗುಜರಿಯಲ್ಲಿ ಅವಕ್ಕೆ ಒಳ್ಳೆಯ ಬೆಲೆ. ತೆಗೆಸಿಕೊಂಡವರಿಗೆ ಸಿಗುವುದು ಎಮಿಷನ್ ಟೆಸ್ಟಿನಲ್ಲಿ ಫೇಲ್ ಎಂಬ ಚೀಟಿ.

ಈಗ ಬಳಕೆಯ ಅನುಭವ. ನಿಂತಲ್ಲೇ ಎಂಜಿನ್ ಓಡುವಾಗಿನ ಸದ್ದು ಹಳೆಯ ಕಂಪನಿ ಸೈಲೆನ್ಸರಿನಷ್ಟೇ ಇದೆ. ಪೇಟೆಯ ವೇಗದಲ್ಲಿಯೂ ದೂರು ಇಲ್ಲ. ಆದರೆ 3000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಹತ್ತಿರ ಒಂದು ಗುಂಯ್‌ಗುಡುವಿಕೆ ಏಳುತ್ತದೆ, ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಹೆಚ್ಚು ಕೇಳಿಸುತ್ತದೆ. ಮೂರು ಸಿಲಿಂಡರಿನ ಫೋರ್‌ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೆ ಒಂದೂವರೆ ಬಾರಿ ಹೊಗೆ ಉಗುಳುತ್ತದೆ. 3000ದಲ್ಲಿ ಅದು ಸೆಕೆಂಡಿಗೆ 75 ಮಿಡಿತ. ಡಬ್ಬದ ಕೋಣೆಗಳ ಅಳತೆ ಕಂಪನಿಯದಕ್ಕಿಂತ ಒಂದಿಷ್ಟು ಹೆಚ್ಚುಕಡಿಮೆಯಾದರೂ ಇಂಥ ತಗ್ಗಿನ ಸ್ವರ ತಪ್ಪಿಸಿಕೊಂಡು ಹೊರಬರುತ್ತದೆ. ಉಡುಪಿಯ ದಾರಿಯಲ್ಲಿ ವೇಗವನ್ನು ತುಸು ಮೇಲೆ ಅಥವಾ ಕೆಳಗೆ ಇಟ್ಟರೆ ಮಾಯವಾಗುತ್ತದೆ. ನನಗೆ ರೂಢಿಯಾಗಿದೆ, ಹೆಂಡತಿಗೆ ಆಗಿಲ್ಲ.

ಇನ್ನೊಂದು ಕೊರತೆ ಫಿಟ್ಟಿಂಗಿನದು. 304 ಸ್ಟೀಲ್ ಕಾದಾಗ ಸಾಮಾನ್ಯ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಪೈಪು 200 ಡಿಗ್ರಿ ಬಿಸಿಯೇರಿದರೆ ಮೂರು ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಡಬ್ಬವನ್ನು ಹೊಸ ಮೌಂಟಿಂಗ್ ರಬ್ಬರುಗಳಲ್ಲಿ ಸಡಿಲವಾಗಿ ತೂಗಹಾಕಬೇಕಾದುದನ್ನು ಅಂಗಡಿಯ ಹುಡುಗರು ಹಳೆಯ, ಸೆಟೆದುಹೋದ ರಬ್ಬರಿಗೇ ಎಳೆದು ಸಿಕ್ಕಿಸಿದ್ದರು. ಪ್ರತಿ ಹಂಪಿನ ಮೇಲೆ ಟಣ್ ಎನ್ನುತ್ತಿತ್ತು. ಊರಿನ ಮೆಕ್ಯಾನಿಕ್ ಹೊಸ ರಬ್ಬರು ಹಾಕಿ, ಕೊಕ್ಕೆಯನ್ನು ಬೆರಳಿನಷ್ಟು ಹಿಂದಕ್ಕೆ ಬಾಗಿಸಿದ ಮೇಲೆ ಸರಿಯಾಯಿತು. ಡಬ್ಬದ ತಳದಲ್ಲಿ ನೀರು ಜಿನುಗಲು ಒಂದು ಸಣ್ಣ ರಂಧ್ರವನ್ನೂ ಅವರೇ ಕೊರೆದರು. ಮಂಗಳೂರಿನಲ್ಲಿ ಅದನ್ನು ಬಿಟ್ಟುಬಿಟ್ಟಿದ್ದರು. ಬೆಳಗ್ಗೆ ಕಾರು ಶುರುವಾದೊಡನೆ ಅಲ್ಲಿಂದ ಹನಿ ಬೀಳುವುದನ್ನು ನೋಡಿ ಗಾಬರಿಪಟ್ಟವರಿದ್ದಾರೆ. ಅದು ಬೀಳಲೇಬೇಕು.

ಡಬ್ಬ ಇಂದಿಗೂ ಗಟ್ಟಿಯಾಗಿದೆ. ಬೆರಳಿನಿಂದ ಬಡಿದರೆ ತೆಳು ತಗಡಿನ ಸದ್ದಿಲ್ಲ. ಟೇಲ್ ಪೈಪಿನ ತುದಿಯಲ್ಲಿ ಚಹಾ ಚೆಲ್ಲಿದಂಥ ಕಂದು ಕಲೆಗಳಿವೆ. ಉಪ್ಪುಗಾಳಿಗೆ 304 ಹೀಗಾಗುವುದು ಸಹಜ, ಉಜ್ಜಿದರೆ ಹೋಗುತ್ತವೆ. ನಿಜವಾದ ತೊಂದರೆ ಜೋಡಣೆಯಲ್ಲಿದೆ. ಸ್ಟೇನ್‌ಲೆಸ್ ಡಬ್ಬವನ್ನು ಹಳೆಯ ಸಾದಾ ಉಕ್ಕಿನ ಮಧ್ಯದ ಪೈಪಿಗೆ ವೆಲ್ಡ್ ಮಾಡಿದರೆ, ಉಪ್ಪುನೀರು ತಾಗಿದಾಗ ಎರಡರಲ್ಲಿ ದುರ್ಬಲ ಲೋಹವೇ ಬೇಗ ತುಕ್ಕು ಹಿಡಿಯುತ್ತದೆ. ಮೂರನೆಯ ಮಳೆಗಾಲ ಮುಗಿಯುವಷ್ಟರಲ್ಲಿ ವೆಲ್ಡಿನ ಪಕ್ಕದ ಹಳೆಯ ಪೈಪು ಹಪ್ಪಳದಂತೆ ಪುಡಿಯಾಯಿತು. ಈಗ ಅಲ್ಲಿ ವೆಲ್ಡಿನ ಬದಲು ಫ್ಲ್ಯಾಂಜ್ (ಬೋಲ್ಟು ಹಾಕಿ ಬಿಗಿಯುವ ಚಪ್ಪಟೆ ಅಂಚು), ಪ್ಯಾಕಿಂಗ್, ಎರಡು ಬೋಲ್ಟು ಇವೆ. ಮುಂದಿನ ತುಂಡನ್ನಷ್ಟೇ ಬದಲಿಸಿಕೊಳ್ಳಬಹುದು. ಮಾಡಿಸುವವರು ಮೊದಲ ದಿನವೇ ಫ್ಲ್ಯಾಂಜ್ ಕೇಳಿ.

ಕಾಗದಪತ್ರಗಳ ಮಟ್ಟಿಗೆ ಹೇಳುವುದಾದರೆ, ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2022ರಲ್ಲಿ ಆರ್‌ಟಿಒ ಇನ್‌ಸ್ಪೆಕ್ಟರ್ ಎಂಜಿನ್ ರೇಸ್ ಮಾಡಿಸಿ, ಹಿಂದೆ ಬಗ್ಗಿ ನೋಡಿ, ಏನೂ ಹೇಳದೆ ಮುಂದಕ್ಕೆ ಹೋದರು. ಸೈಲೆನ್ಸರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಡ. ಗುಡುಗುವ ಸೈಲೆನ್ಸರ್ ಹಾಕಿಸಿಕೊಂಡವರಿಗೆ ಮೋಟಾರು ವಾಹನ ಕಾಯ್ದೆಯ 190(2)ನೆಯ ಕಲಮಿನಡಿ 10,000 ರೂಪಾಯಿವರೆಗೆ ದಂಡ ಬೀಳಬಹುದು. ಎಮಿಷನ್ ಟೆಸ್ಟಿನಲ್ಲಿಯೂ ತೊಂದರೆಯಾಗಿಲ್ಲ. ಆದರೆ ಅಲ್ಲಿಯ ಒಳ್ಳೆಯ ಅಂಕಿಗಳಿಗೆ ಕನ್ವರ್ಟರ್ ಮತ್ತು ಹೊಗೆಯಲ್ಲಿನ ಆಮ್ಲಜನಕ ನೋಡಿ ಪೆಟ್ರೋಲಿನ ಅಳತೆ ಹೊಂದಿಸಲು ನೆರವಾಗುವ ಆಕ್ಸಿಜನ್ ಸೆನ್ಸರ್ ಕಾರಣ, ಹಿಂದಿನ ಡಬ್ಬವಲ್ಲ. ಸೆನ್ಸರಿಗಿಂತ ಮುಂದೆ, ಎಂಜಿನ್ ಕಡೆಗೆ, ಪ್ಯಾಕಿಂಗ್ ಸೋರಿದರೆ ಹೊರಗಿನ ಗಾಳಿ ಒಳಗೆ ಎಳೆಯಲ್ಪಟ್ಟು ಸೆನ್ಸರ್ ಮೋಸಹೋಗುತ್ತದೆ, ಕಾರು ಸುಮ್ಮನೆ ಪೆಟ್ರೋಲ್ ಕುಡಿಯುತ್ತದೆ. ಹೊಸ ಸೈಲೆನ್ಸರಿನಿಂದ ಮೈಲೇಜ್ ಏರಿತು ಎನ್ನುವವರ ಕಾರಿನಲ್ಲಿ ಬಹುಶಃ ಅದೇ ದಿನ ಆ ಪ್ಯಾಕಿಂಗೂ ಬದಲಾಗಿರುತ್ತದೆ.

ಒಳನಾಡಿನಲ್ಲಿದ್ದು ದಿನವೂ ದೂರ ಓಡಿಸುವವರಿಗೆ ಈ ಖರ್ಚು ದಂಡ. ಒಳ್ಳೆಯ ಡೂಪ್ಲಿಕೇಟೇ ಸಾಕು. ಕರಾವಳಿಯವರು ಕಾರನ್ನು ಇನ್ನೂ ಐದು ವರ್ಷ ಇಟ್ಟುಕೊಳ್ಳುವುದು ಖಚಿತವಿದ್ದರೆ ಮಾತ್ರ ಮಾಡಿಸಬಹುದು, ಆಗ ಮಧ್ಯದ ಪೈಪನ್ನೂ ಅದೇ 304ರಲ್ಲಿ ಮಾಡಿಸಬೇಕು. ನನ್ನ ಆರ್‌ಸಿ 2027ಕ್ಕೆ ಮುಗಿಯುತ್ತದೆ. ನವೀಕರಣ ಮಾಡಿಸುವುದೆಂದು ತೀರ್ಮಾನವಾದರೆ ಆ ಪೈಪಿನ ಸರದಿ.